ದಿನದ ಧಮ್ಮ ಚಿಂತನೆ: ಪಿರಮಿಡ್ಡಿನ ಹೊರಗಿನವರು



ಇವತ್ತು ಸುತ್ತ ಪಠಣದ ಬದಲು ಶಾಲೆಯ ವಿಜ್ಞಾನ ಪಾಠದಿಂದ ಶುರು ಮಾಡುತ್ತೇನೆ. ನಾನು ಕನ್ನಡ ಕಲಿಸುವವಳು. ಆದರೂ ವಿಜ್ಞಾನದ ಮೇಷ್ಟ್ರು ರಜೆ ಹಾಕಿದ ದಿನ ಆ ಪೀರಿಯಡ್ಡು ನನ್ನ ಪಾಲಿಗೇ ಬರುತ್ತದೆ. ಆಹಾರ ಪಿರಮಿಡ್ಡಿನ ಚಿತ್ರ ನಿಮಗೂ ನೆನಪಿರಬಹುದು. ಕೆಳಗೆ ಹುಲ್ಲು, ಅದರ ಮೇಲೆ ಮಿಡತೆ, ಕಪ್ಪೆ, ಹಾವು, ತುದಿಯಲ್ಲಿ ಹದ್ದು. ಹಾಗಾದರೆ ಸತ್ತ ಹುಲ್ಲನ್ನೂ ಸತ್ತ ಹದ್ದನ್ನೂ ಮಣ್ಣು ಮಾಡುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಎಲ್ಲಿ? ಆ ಗೋಪುರದಲ್ಲಿ ಅವಕ್ಕೆ ಅಂತಸ್ತೇ ಇಲ್ಲ. ಬಹಳವೆಂದರೆ ಪಕ್ಕದಲ್ಲೊಂದು ಬಾಣದ ಗುರುತು ಹಾಕಿ 'ವಿಘಟಕಗಳು' ಎಂದು ಬರೆದಿರುತ್ತಾರೆ. ಚಿತ್ರ ಬರೆದವರ ತಪ್ಪೇನಲ್ಲ, ಅವರು ಲೆಕ್ಕ ಹಾಕುತ್ತಿರುವುದು ಶಕ್ತಿಯ ಹರಿವನ್ನು. ಆದರೆ ನಾವು ನೋಡುವ ಕಣ್ಣು ಬೇರೆ. 1920ರಲ್ಲಿ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಬಾಬಾಸಾಹೇಬರು ಹಿಂದೂ ಸಮಾಜವನ್ನು ಮೆಟ್ಟಿಲಿಲ್ಲದ ಬಹು ಅಂತಸ್ತಿನ ಗೋಪುರಕ್ಕೆ ಹೋಲಿಸಿದ್ದರು. ಅದನ್ನು ಓದಿದವರಿಗೆ ಈ ಚಿತ್ರ ನೋಡಿದರೆ ಏನೋ ಚುಚ್ಚಿದಂತಾಗುತ್ತದೆ.

ಇದನ್ನೀಗ ಬರೆಯಲು ಕಾರಣವಿದೆ. ಕಳೆದ ತಿಂಗಳು ಪರಿಸರದ ಕಾರ್ಯಕ್ರಮವೊಂದರಲ್ಲಿ ಭಾಷಣಕಾರರೊಬ್ಬರು ಹೇಳಿದರು: "ಪ್ರಕೃತಿಯಲ್ಲಿ ಎರೆಹುಳಕ್ಕೊಂದು ಕೆಲಸ, ಹುಲಿಗೊಂದು ಕೆಲಸ. ಹಾಗೇ ಸಮಾಜದಲ್ಲಿ ಕೊಳೆ ತೆಗೆಯುವವರು ನಮ್ಮ ವಿಘಟಕಗಳು, ಅವರ ಸೇವೆ ಎಲ್ಲಕ್ಕಿಂತ ದೊಡ್ಡದು." ಜನ ಚಪ್ಪಾಳೆ ತಟ್ಟಿದರು. ನಮ್ಮವರೂ ತಟ್ಟಿದರು. ಹೊಗಳಿಕೆಯ ಬಟ್ಟೆ ತೊಟ್ಟು ಬಂದ ವರ್ಣಧರ್ಮವನ್ನು ಗುರುತಿಸುವುದು ಕಷ್ಟ.

ಮೊದಲು ಪ್ರಕೃತಿಯ ಮಾತನ್ನೇ ನೋಡೋಣ. ಒಂದು ಹೊಂಗೆ ಎಲೆ ಉದುರಿ ಬೇರಿನ ಮೇಲೇ ಬಿದ್ದರೂ ಆ ಮರ ಅದನ್ನು ಹಾಗೇ ತಿನ್ನಲಾರದು. ಎಲೆಯೊಳಗಿನ ಸಾರಜನಕ ಪ್ರೋಟೀನಿನಲ್ಲಿ ಬಂದಿಯಾಗಿರುತ್ತದೆ. ಮಳೆ ಬಿದ್ದು ತೇವವಾದ ಮೇಲೆ ಶಿಲೀಂಧ್ರದ ಎಳೆಗಳು ಎಲೆಯೊಳಗೆ ಇಳಿಯುತ್ತವೆ, ರಸ ಬಿಟ್ಟು ಗಟ್ಟಿ ನಾರನ್ನು ಕರಗಿಸುತ್ತವೆ. ಎರೆಹುಳ, ಸಹಸ್ರಪದಿಗಳು ಅದನ್ನು ಚೂರು ಮಾಡುತ್ತವೆ. ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಅಮೋನಿಯಂ ಮಾಡುತ್ತವೆ, ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಇಲ್ಲವೇ ನೈಟ್ರೇಟ್ ಆದ ಮೇಲೆ ಬೇರು ಅದನ್ನು ಹೀರುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕಾಡು ತನ್ನ ಎಲೆಯ ರಾಶಿಯ ಮೇಲೇ ಹಸಿದು ಕೂರಬೇಕಾಗುತ್ತದೆ. ಇದಿದ್ದರೆ ಅದು, ಇದಿಲ್ಲದಿದ್ದರೆ ಅದಿಲ್ಲ. ಪ್ರತೀತ್ಯಸಮುತ್ಪಾದ ಕಲಿಸಲು ಇದಕ್ಕಿಂತ ಸುಲಭದ ಪಾಠ ನನಗೆ ಸಿಕ್ಕಿಲ್ಲ.

ನಮ್ಮ ಹೊಲದ ಬದುವಿನ ಹುತ್ತವನ್ನೇ ನೋಡಿ. ಅನೇಕ ಬಗೆಯ ಗೆದ್ದಲಿಗೆ ಮರವನ್ನು ತಾನೇ ಪೂರ್ತಿ ಅರಗಿಸುವ ಶಕ್ತಿ ಇಲ್ಲ. ಹುತ್ತದೊಳಗೆ ಅದು ಶಿಲೀಂಧ್ರದ ತೋಟ ಬೆಳೆಸುತ್ತದೆ, ಶಿಲೀಂಧ್ರ ಅರಗಿಸಿ ಕೊಟ್ಟದ್ದನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಆ ತೋಟದ್ದೇ. ಅವ್ವಂದಿರು ಆರಿಸಿ ತಂದು ಸಾರು ಮಾಡುತ್ತಿದ್ದರಲ್ಲ, ಅದೇ. ಜನ ಹುತ್ತಕ್ಕೆ ಹಾಲೆರೆಯುವುದು ಮಾತ್ರ ಹಾವಿನ ಹೆಸರಲ್ಲಿ. ಕಟ್ಟಿದ್ದು ಗೆದ್ದಲು, ಪೂಜೆ ಬಂದು ಸೇರಿಕೊಂಡವನಿಗೆ!

ಇವು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಕಣ್ಣಾರೆ ಕಂಡಿದೆ. 1788ರಲ್ಲಿ ಬಿಳಿಯರು ಮೊದಲ ಹಡಗುಗಳಲ್ಲಿ ದನಗಳನ್ನು ಅಲ್ಲಿಗೆ ಒಯ್ದರು. ಅಲ್ಲಿನ ಸಗಣಿ ಹುಳಗಳಿಗೆ ಕಾಂಗರೂವಿನ ಸಣ್ಣ ಒಣ ಹಿಕ್ಕೆ ಗೊತ್ತಿತ್ತು, ದನದ ಹಸಿ ಸಗಣಿ ಗೊತ್ತಿರಲಿಲ್ಲ. ಸಗಣಿ ಬಿದ್ದಲ್ಲೇ ಒಣಗಿ ತಿಂಗಳುಗಟ್ಟಲೆ ಉಳಿಯಿತು. ಅದರಡಿ ಹುಲ್ಲು ಸತ್ತಿತು, ನೊಣ ಮಿತಿಮೀರಿತು. ಹಂಗೇರಿಯಿಂದ ವಲಸೆ ಬಂದಿದ್ದ ಜಾರ್ಜ್ ಬೋರ್ನೆಮಿಸ್ಸಾ ಎಂಬ ಕೀಟ ವಿಜ್ಞಾನಿ ಇದರ ಮೂಲ ಹಿಡಿದರು. 1960ರ ದಶಕದಿಂದ ಎರಡು ದಶಕ ಕಾಲ ಆಫ್ರಿಕಾ ಮುಂತಾದ ಕಡೆಯಿಂದ 40ಕ್ಕೂ ಹೆಚ್ಚು ಜಾತಿಯ ಸಗಣಿ ಹುಳಗಳನ್ನು ತರಿಸಿ ಬಿಟ್ಟರು. ಅವುಗಳಲ್ಲಿ ಅರ್ಧದಷ್ಟು ಅಲ್ಲಿ ನೆಲೆ ನಿಂತು ಸಗಣಿಯನ್ನು ಮಣ್ಣಿಗಿಳಿಸಿದವು. ಒಂದು ಸರ್ಕಾರ ಹುಳಗಳನ್ನು ಅತಿಥಿಗಳಂತೆ ಕರೆಸಿಕೊಂಡ ಕತೆ ಇದು.

ಈಗ ಆ ಭಾಷಣಕ್ಕೆ ಬರೋಣ. ಸಗಣಿ ಹುಳಕ್ಕೆ ಸಗಣಿ ಆಹಾರ, ಅದರ ಮರಿಗೆ ತೊಟ್ಟಿಲು. ಅದನ್ನು ಯಾರೂ ಆ ಕೆಲಸಕ್ಕೆ ನೇಮಿಸಿಲ್ಲ, ಒಲ್ಲೆ ಎಂದರೆ ಯಾರೂ ಬಾರುಕೋಲು ಎತ್ತುವುದಿಲ್ಲ. ಮ್ಯಾನ್‌ಹೋಲಿಗೆ ಇಳಿಯುವ ಮನುಷ್ಯನಿಗೆ ಆ ಕೊಳೆ ಆಹಾರವೇ? ಗಾಳಿ ಇಲ್ಲದ ಗುಂಡಿಯಲ್ಲಿ ಬ್ಯಾಕ್ಟೀರಿಯಾಗಳು ಕೊಳೆಸುವಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಇಳಿದವನನ್ನು ಕೊಲ್ಲುತ್ತದೆ. ಅವನನ್ನು 'ವಿಘಟಕ' ಎನ್ನುವವರು ಆ ಸಾವನ್ನೂ ಪ್ರಕೃತಿಯ ಲೆಕ್ಕಕ್ಕೇ ಬರೆಯುತ್ತಾರೆ. 2013ರಲ್ಲಿ ಮಲ ಹೊರುವ ಪದ್ಧತಿಯ ವಿರುದ್ಧ ಹೊಸ ಕಾನೂನು ಬಂತು. ಅದಾದ ಮೇಲೂ ಚರಂಡಿ ಸಾವಿಗೆ ಪರಿಹಾರವನ್ನು 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ನಿಷೇಧಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರನ್ನು ಇಲ್ಲಿ ನೆನೆಯಬೇಕು. ಅವರು ಸೇವೆಯ ಹೊಗಳಿಕೆ ಹಾಡಲಿಲ್ಲ, ಮಲದ ಬುಟ್ಟಿ ಇಳಿಸಿದರು.

ಜಾತಿ ಎಂಬುದು ಬರೀ ಕೆಲಸದ ವಿಭಜನೆ ಅಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬಿಡಿಸಿ ಹೇಳಿದ್ದಾರೆ. ಅದಕ್ಕೂ ಮೊದಲು, 1927ರ ಮಾರ್ಚಿನಲ್ಲಿ ಮಹಾಡದಲ್ಲಿ, ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಜನರನ್ನು ಕೇಳಿಕೊಂಡಿದ್ದರು. 2016ರಲ್ಲಿ ಗುಜರಾತಿನ ಊನಾ ಬಳಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಟ್ಟಿ ಹೊಡೆದಾಗ ಅಲ್ಲಿನ ದಲಿತರು ದನದ ಹೆಣ ಎತ್ತುವುದನ್ನೇ ನಿಲ್ಲಿಸಿದರು. ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಹೆಣಗಳನ್ನು ತಂದು ಹಾಕಿದರು. 2018ರಲ್ಲಿ ಆ ಏಟು ತಿಂದ ಕುಟುಂಬದವರೇ ಧಮ್ಮ ಸ್ವೀಕರಿಸಿದರು. ಹುಳ ಹೀಗೆ ಮಾಡಲಾರದು. ಮನುಷ್ಯ ಒಲ್ಲೆ ಎನ್ನಬಲ್ಲ, ಅವನನ್ನು ಮನುಷ್ಯ ಎನ್ನುವುದೇ ಅದಕ್ಕೆ.

ಸುನೀತನ ಕತೆ ನಿಮಗೆ ಗೊತ್ತು. ರಾಜಗೃಹದಲ್ಲಿ ಬೀದಿ ಗುಡಿಸುತ್ತಿದ್ದವನು ಬುದ್ಧರು ಬರುವುದನ್ನು ಕಂಡು ಗೋಡೆಗೆ ಒತ್ತಿ ನಿಂತ. ಬುದ್ಧರು ಅವನಿಗೆ ನಿನ್ನ ಕೆಲಸ ಪವಿತ್ರ, ಮುಂದುವರಿಸು ಎನ್ನಲಿಲ್ಲ. ಈ ಬಾಳು ನಿನಗೇಕೆ, ಬಿಟ್ಟು ಸಂಘಕ್ಕೆ ಬರುತ್ತೀಯಾ ಎಂದು ಕೇಳಿದರು. ಇಷ್ಟು ದೊಡ್ಡ ವ್ಯತ್ಯಾಸವನ್ನು ನಾವು ಮಕ್ಕಳಿಗೆ ಒತ್ತಿ ಹೇಳಬೇಕು.

ಹಾಗಂತ ಕೊಳೆಯುವುದನ್ನು ಕಂಡು ಮುಖ ತಿರುಗಿಸುವುದು ಧಮ್ಮವಲ್ಲ. ಸತಿಪಟ್ಠಾನ ಸುತ್ತದಲ್ಲಿ ಸ್ಮಶಾನದ ಒಂಬತ್ತು ಭಾವನೆಗಳಿವೆ: ಊದಿಕೊಂಡ ಹೆಣ, ಕಾಗೆ ನಾಯಿ ಹುಳ ತಿನ್ನುವ ಹೆಣ, ಚದುರಿದ ಮೂಳೆ, ಕೊನೆಗೆ ಪುಡಿ. ವೈರಾಗ್ಯಕ್ಕಾಗಿ ಅದನ್ನು ಓದುತ್ತೇವೆ, ಸರಿ. ನನಗೆ ಅದರಲ್ಲಿ ನೋಡಿದ್ದನ್ನು ನೋಡಿದಂತೆ ಹೇಳುವ ಧೈರ್ಯವೂ ಕಾಣುತ್ತದೆ. ರಾಜನ ಹೆಣಕ್ಕೆ ಬೇರೆ ಹುಳ ಎಂದು ಅಲ್ಲಿ ಎಲ್ಲೂ ಇಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಪುನರ್ಜನ್ಮವನ್ನು ವಿವರಿಸುವಾಗಲೂ ಇದೇ ದಾರಿ ಹಿಡಿಯುತ್ತಾರೆ. ಆತ್ಮ ಎಂಬುದು ಒಂದು ಮೈಯಿಂದ ಇನ್ನೊಂದಕ್ಕೆ ಹಾರುವುದಿಲ್ಲ. ಪೃಥ್ವಿ, ಅಪ್, ತೇಜ, ವಾಯು ಎಂಬ ಧಾತುಗಳು ತಮ್ಮಂಥವೇ ಧಾತುಗಳ ರಾಶಿಗೆ ಮರಳುತ್ತವೆ, ಮತ್ತೆ ಕೂಡಿದಾಗ ಹೊಸ ಹುಟ್ಟು. ಹಿಂದಿನ ಜನ್ಮದ ಪಾಪದಿಂದ ನೀನು ಈ ಕೇರಿಯಲ್ಲಿ ಹುಟ್ಟಿದೆ ಎಂಬ ಮಾತಿಗೆ ಅಲ್ಲಿ ಕಾಲೂರಲು ಜಾಗವೇ ಇಲ್ಲ. ಹೊಂಗೆ ಎಲೆಯ ಸಾರಜನಕ ಮುಂದಿನ ವರ್ಷ ರಾಗಿ ತೆನೆಯಲ್ಲಿದ್ದರೆ, ಎಲೆ ಮಾಡಿದ ಯಾವ ಪಾಪ ತೆನೆಗೆ ಅಂಟುತ್ತದೆ ಹೇಳಿ?

ವಿಹಾರದ ಹಿಂದೆ ಉದುರಿದ ಎಲೆಯನ್ನು ಈ ಸಲ ಸುಡುವುದು ಬೇಡ. ಸುಟ್ಟರೆ ಅದರ ಸಾರಜನಕದ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ. ಬೇಲಿ ಪಕ್ಕ ಗುಂಡಿ ತೆಗೆದು ಹಾಕೋಣ, ಮೇಲೆ ಒಂದು ಬುಟ್ಟಿ ಮಣ್ಣು, ಸ್ವಲ್ಪ ಸಗಣಿ ನೀರು. ಗುಡಿಸುವ ಪಾಳಿ ಪಟ್ಟಿ ಎಂದಿನಂತೆ ಬಾಗಿಲ ಬಳಿ ಇದೆ. ಅಧ್ಯಕ್ಷರಿಂದ ಹಿಡಿದು ಎಲ್ಲರ ಹೆಸರೂ ಅದರಲ್ಲಿದೆ. ಈ ಭಾನುವಾರದ ಪಾಳಿ ನನ್ನದು. ಯಾರ ಮನೆಯಲ್ಲಾದರೂ ಹಾರೆ ಇದ್ದರೆ ತನ್ನಿ. ಬೆಳಿಗ್ಗೆ ಹತ್ತಕ್ಕೆ ತ್ರಿಸರಣ, ಪಂಚಶೀಲದ ನಂತರ ಸುನೀತನ ಭಾಗವನ್ನು ಮಕ್ಕಳು ಓದುತ್ತಾರೆ.

ಭವತು ಸಬ್ಬ ಮಂಗಲಂ. ಜೈಭೀಮ್.