ಪೆಟ್ಟಿಗೆಯಲ್ಲಿ ಇಲ್ಲದ ನಗರ

ಯುದ್ಧವಿಮಾನವೊಂದರ ಪುಟ್ಟ ಪ್ರತಿಕೃತಿಯನ್ನು ಶ್ರದ್ಧೆಯಿಂದ ಜೋಡಿಸಿ, ಬಣ್ಣ ಬಳಿದು, ಗಾಜಿನ ಕಪಾಟಿನಲ್ಲಿಟ್ಟು ಸಂತೋಷಪಡುವುದು ಸರಿಯೇ? ಅದು ಕೇವಲ ಹವ್ಯಾಸ, ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಕೊಲ್ಲುವ ಯಂತ್ರವು ಮನೆಗೆ ಅಲಂಕಾರವಾಗಬಹುದೇ ಎಂದು ಮತ್ತೊಬ್ಬರು ಹುಬ್ಬು ಗಂಟಿಕ್ಕಬಹುದು. ಎರಡೂ ಅವಸರದ ಮಾತುಗಳೇ. ಒಂದು ನಿರ್ದಿಷ್ಟ ವಿಮಾನವನ್ನು ಮುಂದಿಟ್ಟುಕೊಂಡು ಆಲೋಚಿಸೋಣ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಹಾರಾಡಿದ ಅಮೆರಿಕದ ಬಿ-29 ಬಾಂಬರ್ ವಿಮಾನವನ್ನು ತೆಗೆದುಕೊಳ್ಳಿ. ಅದರ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ 43 ಮೀಟರ್. ಎಪ್ಪತ್ತೆರಡರಲ್ಲಿ ಒಂದು ಪಾಲಿನಷ್ಟು ಅಳತೆಯ ಮಾದರಿಯಲ್ಲಿ ಅದು ಸುಮಾರು 60 ಸೆಂಟಿಮೀಟರ್. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುವ ಬಿಡಿಭಾಗಗಳನ್ನು ಒಂದೊಂದಾಗಿ ಕತ್ತರಿಸಿ, ಅಂಚುಗಳನ್ನು ಉಜ್ಜುಕಾಗದದಿಂದ ನಯಗೊಳಿಸಬೇಕು. ಒಡಲಿನ ಎರಡು ಹೋಳುಗಳನ್ನು ಅಂಟಿಸುವ ಮೊದಲೇ ಒಳಗಿನ ಆಸನಗಳಿಗೂ ಉಪಕರಣಗಳಿಗೂ ಬಣ್ಣ ಹಚ್ಚಬೇಕು. ಅಂಟಿಸಿದ ಮೇಲೆ ಅದರಲ್ಲಿ ಬಹುಪಾಲು ಯಾರ ಕಣ್ಣಿಗೂ ಬೀಳದು. ಆದರೂ ನಿಷ್ಠಾವಂತನು ಅದನ್ನು ಬಿಡುವುದಿಲ್ಲ. ಮೂಗಿನ ಭಾಗದೊಳಗೆ ಭಾರವನ್ನು ಇರಿಸಬೇಕು. ಇಲ್ಲವಾದರೆ ವಿಮಾನವು ಬಾಲದ ಮೇಲೆ ಕುಳಿತುಬಿಡುತ್ತದೆ. ಬಣ್ಣವಿಲ್ಲದ ಅಲ್ಯೂಮಿನಿಯಂ ಮೈಯ ಹೊಳಪನ್ನು ತರುವುದು ಎಲ್ಲಕ್ಕಿಂತ ಕಠಿಣ. ಬೆಳ್ಳಿಬಣ್ಣವು ಕೂದಲೆಳೆಯಷ್ಟು ಗೀರನ್ನೂ ಮರೆಮಾಚದೆ ಎತ್ತಿ ತೋರಿಸುತ್ತದೆ.

ಇಂತಹ ಕೆಲಸವು ಕಲಿಸುವ ತಾಳ್ಮೆ ಮತ್ತು ಪ್ರಾಮಾಣಿಕತೆಯನ್ನು ಯಾರು ತಾನೇ ಅಲ್ಲಗಳೆದಾರು? ನಿಮ್ಮ ಮಗನೋ ಮಗಳೋ ವಾರಗಟ್ಟಲೆ ಒಂದೇ ಮೇಜಿನ ಮುಂದೆ ಕುಳಿತು ಇದನ್ನು ಮಾಡುತ್ತಿದ್ದರೆ ಅದು ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಈ ಕಲೆಗೂ ಯುದ್ಧಕ್ಕೂ ಹಳೆಯ ನಂಟಿದೆ ಎಂಬುದನ್ನು ಮರೆಯಲಾಗದು. 1942ರಲ್ಲಿ ಅಮೆರಿಕದ ನೌಕಾಪಡೆಯು ತನ್ನ ದೇಶದ ಶಾಲಾಮಕ್ಕಳಿಂದ ಐದು ಲಕ್ಷ ಮಾದರಿ ವಿಮಾನಗಳನ್ನು ಕೇಳಿತು. ಆಕಾಶದಲ್ಲಿ ಕಾಣುವ ವಿಮಾನವು ಮಿತ್ರರದೋ ಶತ್ರುಗಳದೋ ಎಂದು ಗುರುತಿಸುವ ತರಬೇತಿಗೆ ಅವು ಬೇಕಾಗಿದ್ದವು. ಮಕ್ಕಳ ಕೈಗಳು ಕೆತ್ತಿದ ಮರದ ತುಂಡಿನಲ್ಲಿಯೂ ಯುದ್ಧವು ಹೀಗೆ ಸೇರಿಕೊಂಡಿತ್ತು.

ಮಾದರಿಗೆ ಕೊನೆಯದಾಗಿ ಅಂಟಿಸುವುದು ಅಕ್ಷರಗಳನ್ನು. ತೆಳುವಾದ ಚಿತ್ರಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ಮೂಗಿನ ಬದಿಯಲ್ಲಿ ಕೂರಿಸಬೇಕು. ಈ ವಿಮಾನಗಳಲ್ಲೊಂದರ ಮೇಲೆ ಬರುವ ಹೆಸರು ‘ಎನೋಲಾ ಗೇ’. ಅದು ವಿಮಾನದ ಚಾಲಕ ಪಾಲ್ ಟಿಬೆಟ್ಸ್ ಅವರ ತಾಯಿಯ ಹೆಸರು. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ, ತಾಯಿಯ ಹೆಸರನ್ನು ಹೊತ್ತ ಆ ವಿಮಾನವು ಹಿರೋಷಿಮಾದ ಮೇಲೆ ಅಣುಬಾಂಬನ್ನು ಹಾಕಿತು. ಆ ವರ್ಷದ ಅಂತ್ಯದೊಳಗೆ ಸುಮಾರು 1,40,000 ಜನರು ಸತ್ತರೆಂಬುದು ಆ ನಗರದ ಅಂದಾಜು. ಅವರಲ್ಲಿ ಎಷ್ಟು ಮಂದಿ ತಾಯಂದಿರಿದ್ದರು!

ವಿಮಾನವು ಆಗ ಒಂಬತ್ತು ಸಾವಿರ ಮೀಟರಿಗಿಂತಲೂ ಎತ್ತರದಲ್ಲಿತ್ತು. ಅಲ್ಲಿಂದ ನದಿಗಳೂ ಸೇತುವೆಗಳೂ ಕಾಣುತ್ತವೆ. ಮನುಷ್ಯನ ಮುಖ ಕಾಣುವುದಿಲ್ಲ. ನಮ್ಮ ಮೇಜಿನ ಸ್ಥಿತಿಯೂ ಹೀಗೆಯೇ ಅಲ್ಲವೇ? ಮಾದರಿಯ ಪೆಟ್ಟಿಗೆಯಲ್ಲಿ ವಿಮಾನದ ನಾಲ್ಕು ಎಂಜಿನ್‌ಗಳಿವೆ, ಚಕ್ರಗಳಿವೆ, ಕಿಟಕಿಗಳಿವೆ. ಕೆಳಗಿದ್ದ ನಗರ ಮಾತ್ರ ಅದರಲ್ಲಿಲ್ಲ.

ನಿಜವಾದ ‘ಎನೋಲಾ ಗೇ’ ವಿಮಾನದ ವಿಷಯದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯು ಅದನ್ನು ವರ್ಷಗಟ್ಟಲೆ ಶ್ರಮಿಸಿ ದುರಸ್ತಿಗೊಳಿಸಿತು. ಬಾಂಬಿಗೆ ಬಲಿಯಾದವರ ನೆನಪಿನ ವಸ್ತುಗಳನ್ನೂ ಜೊತೆಗೆ ಪ್ರದರ್ಶಿಸುವ ಯೋಜನೆಯಿತ್ತು. ಮಾಜಿ ಸೈನಿಕರು ಅದನ್ನು ತೀವ್ರವಾಗಿ ವಿರೋಧಿಸಿದರು. ಆ ವಿಮಾನವು ಯುದ್ಧವನ್ನು ಮುಗಿಸಿ ತಮ್ಮಂಥವರ ಪ್ರಾಣ ಉಳಿಸಿತೆಂಬುದು ಅವರ ನಂಬಿಕೆ. ಏಷ್ಯಾದಲ್ಲಿ ಜಪಾನಿನ ಸೇನೆಯಿಂದ ನೊಂದವರನ್ನೂ ನೆನೆಯಿರಿ ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿಲ್ಲವೆನ್ನಲಾಗದು. ಕೊನೆಗೆ 1995ರಲ್ಲಿ ಯೋಜನೆಯನ್ನು ಕೈಬಿಟ್ಟು, ವಿಮಾನದ ಒಡಲಿನೊಡನೆ ಸರಳ ಪ್ರದರ್ಶನವೊಂದನ್ನು ಏರ್ಪಡಿಸಲಾಯಿತು. ಒಂದು ನೋವನ್ನು ನೆನೆಯಲು ಇನ್ನೊಂದನ್ನು ಮರೆಯಲೇಬೇಕೇ? ಎರಡನ್ನೂ ಹೊರಲಾಗದಷ್ಟು ನಮ್ಮ ಹೃದಯ ಕಿರಿದೇ?

ಪ್ರಿಯ ಓದುಗರೇ, ಮಕ್ಕಳ ಕೈಯಿಂದ ಮಾದರಿಯನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕಸುಬಿನ ಚೆಲುವನ್ನು ಮೆಚ್ಚುವುದು ಪಾಪವಲ್ಲ. ಆದರೆ ಶ್ರದ್ಧೆಯು ಎಲ್ಲಿಗೆ ನಿಲ್ಲುತ್ತದೆ ಎಂಬುದು ನೈತಿಕ ಪ್ರಶ್ನೆ. ಯಾರೂ ನೋಡದ ಆಸನಕ್ಕೆ ಸರಿಯಾದ ಬಣ್ಣವನ್ನು ಹುಡುಕುವ ಮನಸ್ಸಿಗೆ, ಕಣ್ಣಿಗೆ ಕಾಣದ ಜನರನ್ನು ನೆನೆಯುವುದು ಅಸಾಧ್ಯವೇನಲ್ಲ. ಮನೆಗೆ ಬಂದವರು ಕಪಾಟಿನ ಮುಂದೆ ನಿಂತು ‘ಎಷ್ಟು ಚೆನ್ನಾಗಿದೆ, ಇದು ಯಾವ ವಿಮಾನ?’ ಎಂದು ಕೇಳಿದಾಗ, ನಿಮ್ಮ ಮಗು ಅದರ ಹೆಸರನ್ನು ಹೇಳಿ ಸುಮ್ಮನಾಗದಿರಲಿ. ಅದು ಎಲ್ಲಿಗೆ ಹೋಗಿತ್ತು, ಕೆಳಗೆ ಯಾರಿದ್ದರು ಎಂಬುದನ್ನೂ ಹೇಳಲಿ. ಅಲ್ಲಿಯವರೆಗೆ ಆ ಕೆಲಸ ಮುಗಿದಿಲ್ಲವೆಂದು ಅದಕ್ಕೆ ಕಲಿಸುವ ಹೊಣೆ ಹೆತ್ತವರಾದ ನಮ್ಮದು.