ಹುಟ್ಟು ನೋಡಿ ಹಾಕಿದ ಬೇಲಿ



ಹೋದ ಭಾನುವಾರ ಸಿಂದಗಿಯಲ್ಲಿ ನಮ್ಮ ಬಳಗ ಕೂಡಿದಾಗ ಹೊಸ ಹುಡುಗನೊಬ್ಬ ಬಂದಿದ್ದ. ಗೌಡಕಿ ಮನೆತನದವನು. 'ಧಮ್ಮ ಓದಬೇಕ್ರಿ' ಎಂದ. ಮುದ್ದೇಬಿಹಾಳದ ಹಿರಿಯರು ನನ್ನ ಕಿವಿಯಲ್ಲಿ, 'ಸರ್, ಇವನ ಮುತ್ಯಾ ನಮ್ಮನ್ನ ಬಾವಿ ಹತ್ರ ಬರಗೊಟ್ಟಿಲ್ಲ. ಸ್ವಲ್ಪ ದಿನ ದೂರ ಇಟ್ಟು ನೋಡೂಣು' ಎಂದರು. ನಾನೂ ಹೂಂ ಎಂದೆ. ಹುಡುಗ ಬಾಗಿಲ ಬಳಿ ಕುಳಿತು ಕೇಳಿ, ಚಹಾ ಕುಡಿಯದೆ ಎದ್ದು ಹೋದ. ಇಂಡಿಗೆ ಮರಳುವ ಬಸ್ಸಿನಲ್ಲಿ ನನಗೆ ಞಾಣಪೋನಿಕ ಭಂತೇ ನೆನಪಾದರು.

ಅವರು 1901ರಲ್ಲಿ ಜರ್ಮನಿಯ ಯಹೂದಿ ಮನೆಯಲ್ಲಿ ಹುಟ್ಟಿದವರು. 1936ರಲ್ಲಿ ಸಿಲೋನಿಗೆ ಬಂದು ಞಾಣತಿಲೋಕ ಮಹಾಥೇರರ ಶಿಷ್ಯರಾಗಿ ಚೀವರ ತೊಟ್ಟರು. ಹಿಟ್ಲರನ ಕೈಗೆ ಸಿಗಬಾರದೆಂದು ತಾಯಿಯನ್ನೂ 1939ರಲ್ಲಿ ಅಲ್ಲಿಗೇ ಕರೆಸಿಕೊಂಡರು. ಅದೇ ವರ್ಷ ಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರ ದ್ವೀಪದಲ್ಲಿದ್ದ ಜರ್ಮನ್ ಗಂಡಸರನ್ನು ಹಿಡಿದು ದಿಯತಲಾವದ ಶಿಬಿರಕ್ಕೆ ಹಾಕಿತು. ಭಿಕ್ಖುಗಳನ್ನೂ ಬಿಡಲಿಲ್ಲ. ಜರ್ಮನಿಯಲ್ಲಿ ಯಹೂದಿ ಎಂಬುದು ಅಪರಾಧ, ಇಲ್ಲಿ ಜರ್ಮನ್ ಎಂಬುದು ಅಪರಾಧ. ಎರಡೂ ಕಡೆ ನೋಡಿದ್ದು ಹುಟ್ಟನ್ನೇ.

ಗುರುಗಳಿಗಂತೂ ಇದು ಎರಡನೇ ಸೆರೆ. 1914ರಲ್ಲೂ ಅವರನ್ನು ಇದೇ ದಿಯತಲಾವಕ್ಕೆ ಒಯ್ದು, ಮರುವರ್ಷ ಆಸ್ಟ್ರೇಲಿಯಕ್ಕೆ ಸಾಗಿಸಿದ್ದರು. 1926ರವರೆಗೆ ಅವರಿಗೆ ದ್ವೀಪಕ್ಕೆ ಮರಳಲಾಗಲಿಲ್ಲ. (ಆ ಯುದ್ಧದಲ್ಲಿ ನಮ್ಮ ಕಡೆಯ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನೂ ಅಹ್ಮದನಗರದ ಶಿಬಿರದಲ್ಲಿ ಇಟ್ಟಿದ್ದರು.)

1942ರಲ್ಲಿ ಜಪಾನಿನ ಭಯಕ್ಕೆ ಸಿಲೋನಿನ ಸೆರೆಯಾಳುಗಳನ್ನು ಡೆಹ್ರಾಡೂನಿಗೆ ಸಾಗಿಸಿದರು. ಅಲ್ಲಿ ಹಿಟ್ಲರನ ಪರ ಇರುವವರಿಗೆ ಒಂದು ವಿಭಾಗ, ವಿರೋಧಿಗಳಿಗೆ ಇನ್ನೊಂದು. ಅಂದರೆ ಯಾರು ಎಂಥವರು ಎಂದು ಅಧಿಕಾರಿಗಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಲಿಲ್ಲ. ನನ್ನನ್ನು ಕಾಡುವುದು ಇದೇ. ಭಂತೇ ಹೊರಬಂದದ್ದು 1946ರಲ್ಲಿ, ಯುದ್ಧ ಮುಗಿದ ಮರುವರ್ಷ.

ಆ ತಂತಿಬೇಲಿಯೊಳಗೆ ಅವರು ಸುತ್ತನಿಪಾತವನ್ನು ಜರ್ಮನ್ ಭಾಷೆಗೆ ತಂದರು. ನಮ್ಮ ವಸಲ ಸುತ್ತ ಇರುವುದು ಅದರಲ್ಲೇ. ಭಿಕ್ಷೆಗೆ ಬಂದ ಭಗವಾನರನ್ನು ಬ್ರಾಹ್ಮಣನೊಬ್ಬ ವಸಲ ಎಂದು ದೂರದಲ್ಲೇ ತಡೆದಾಗ, ಮನುಷ್ಯನನ್ನು ಹುಟ್ಟಿನಿಂದಲ್ಲ, ನಡೆಯಿಂದ ಅಳೆಯಬೇಕೆಂದು ಅವರು ತಿಳಿಹೇಳಿದ ಪ್ರಸಂಗ.

ಹಾಗಂತ ಮುದ್ದೇಬಿಹಾಳದ ಹಿರಿಯರ ಭಯ ಸುಳ್ಳಲ್ಲ. ಬ್ರಿಟಿಷರ ಭಯವೂ ಸುಳ್ಳಾಗಿರಲಿಲ್ಲ. ಹಿಟ್ಲರ್ ಸೋಲಬೇಕೆಂದು ಬಾಬಾಸಾಹೇಬರೂ ಆ ಯುದ್ಧವನ್ನು ಬೆಂಬಲಿಸಿದ್ದರು. ಹೋಲಿಕೆ ಸಲ್ಲದು ಎಂದು ನೀವು ಹೇಳಬಹುದು: ಅವರ ಹತ್ತಿರ ಬಂದೂಕು ಇತ್ತು, ನಮ್ಮ ಹತ್ತಿರ ಇರುವುದು ಒಂದು ಜಮಖಾನೆ. ಅವರ ಬೇಲಿ ಏಳು ವರ್ಷಕ್ಕೆ ತೆರೆಯಿತು, ನಮ್ಮ ಕೇರಿಯ ಸುತ್ತಲಿನದು ಇನ್ನೂ ಇದೆ. ಒಪ್ಪುತ್ತೇನೆ. ಆದರೆ ಭಯವಿದ್ದವನು ಎದುರಿನವನ ನಡೆ ನೋಡಬಹುದು, ಪ್ರಶ್ನೆ ಕೇಳಬಹುದು. ನಾನು ಎರಡನ್ನೂ ಮಾಡಲಿಲ್ಲ. ಅಡ್ಡಹೆಸರು ಕೇಳಿಯೇ ತೀರ್ಮಾನಿಸಿದೆ.

ಬರುವ ಭಾನುವಾರ ಬಸವನ ಬಾಗೇವಾಡಿಯಲ್ಲಿ ವಸಲ ಸುತ್ತದ ಓದು. ಆ ಹುಡುಗನಿಗೆ ಫೋನ್ ಮಾಡಿ, ಓದುವ ಸರದಿ ನಿನ್ನದು ಎಂದಿದ್ದೇನೆ. ಮುದ್ದೇಬಿಹಾಳದ ಹಿರಿಯರಿಗೂ ತಿಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಬರ್ಲಿ. ಓದಿದ ಮ್ಯಾಲ ಆ ಬಾವಿ ವಿಷಯ ನಾ ಕೇಳಾಂವ' ಎಂದರು.

ಜೈಭೀಮ್.