ಅಂಜದವನು, ನೊಂದವನು

'ಸೈಕೋಪಾತ್' ಎಂದೊಡನೆ ಕಣ್ಣಿಗೆ ಬರುವುದು ಸಿನಿಮಾದ ತಣ್ಣನೆಯ ಕೊಲೆಗಾರ. ಆದರೆ ಈ ಒಂದು ಹೆಸರಿನಡಿ ಕನಿಷ್ಠ ಇಬ್ಬರಿದ್ದಾರೆ.

1941ರಲ್ಲಿ ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ ಚಿತ್ರಿಸಿದವನು ಮಾತಿನಲ್ಲೇ ಮರುಳು ಮಾಡುವವನು. ಅವನಿಗೆ ಆತಂಕವಿಲ್ಲ, ಪಶ್ಚಾತ್ತಾಪವಿಲ್ಲ. ಅದೇ ವರ್ಷ ಬೆಂಜಮಿನ್ ಕಾರ್ಪ್‌ಮನ್ ಇನ್ನೊಂದು ಬಗೆಯನ್ನು ಬೇರ್ಪಡಿಸಿದರು: ಒಳಗಿನ ಭಾವಸಂಘರ್ಷದಿಂದ ಹಾಗಾದವನು. ಇವನೊಳಗೆ ಆತಂಕವೂ ಸಿಟ್ಟೂ ಕುದಿಯುತ್ತಿರುತ್ತವೆ. ರಾಬರ್ಟ್ ಹೇರ್ ರೂಪಿಸಿದ ಪಟ್ಟಿಯಲ್ಲಿ 20 ಲಕ್ಷಣಗಳು, ಒಟ್ಟು 40 ಅಂಕಗಳು. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ 30 ಮುಟ್ಟಬಹುದು.

ನನ್ನನ್ನು ಹೆಚ್ಚು ಕಾಡುವವನು ಮೊದಲನೆಯವನು. 1957ರಲ್ಲಿ ಡೇವಿಡ್ ಲಿಕ್ಕೆನ್ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ತಪ್ಪು ಲಿವರ್ ಒತ್ತಿದರೆ ಶಾಕ್ ಹೊಡೆಯುತ್ತಿತ್ತು. ಇಂಥವರು ಅದನ್ನು ತಪ್ಪಿಸಿಕೊಳ್ಳಲು ಉಳಿದವರಷ್ಟು ಕಲಿಯಲಿಲ್ಲ. ಹೆದರಿಕೆ ನಮಗೆಲ್ಲ ಚಿಕ್ಕಂದಿನಿಂದ ಪಾಠ ಹೇಳಿದ ಮೇಷ್ಟ್ರು. ಇವನ ತರಗತಿಗೆ ಆ ಮೇಷ್ಟ್ರು ಬರಲೇ ಇಲ್ಲ. ಅದೇ ಅಂಜದ ಸ್ವಭಾವ ಉರಿಯುವ ಮನೆಗೆ ನುಗ್ಗಿ ಮಗುವನ್ನು ಎತ್ತಿ ತರುವವನಲ್ಲೂ ಇರಬಹುದು. ವೀರನಿಗೂ ಇವನಿಗೂ ಬೇರು ಒಂದೇ ಎಂದು ಲಿಕ್ಕೆನ್ ಅವರೇ ವಾದಿಸಿದರು.

ಹಾಗಾದರೆ ಸ್ವಭಾವವನ್ನು ದೂರುವುದು ಹೇಗೆ? ಅದು ಯಾರೂ ಕೇಳಿ ಪಡೆದದ್ದಲ್ಲ. ದೂರಬೇಕಾದದ್ದು ಕೃತ್ಯವನ್ನು. ಎದುರಿನವರ ನೋವು ಅವನಿಗೆ ತಟ್ಟದಿರಬಹುದು, ಆದರೆ ನೋವಾಗುತ್ತದೆ ಎಂಬುದು ಗೊತ್ತಿದೆ. ಹೊಣೆ ಹೊರಿಸಲು ಆ ತಿಳಿವಳಿಕೆ ಸಾಕು ಎಂದು ನಾನು ನಂಬುತ್ತೇನೆ. ಆದರೆ ಹೆದರಿಕೆಯೇ ತಟ್ಟದವನನ್ನು ಇನ್ನಷ್ಟು ಹೆದರಿಸುವುದು, ನೊಂದು ಕೆಟ್ಟವನನ್ನು ಇನ್ನಷ್ಟು ನೋಯಿಸುವುದು ನಮ್ಮ ಸಿಟ್ಟನ್ನು ತಣಿಸಬಹುದೇ ಹೊರತು ಅವರನ್ನು ತಿದ್ದಲಾರದು. ಹೊಣೆ ಇಬ್ಬರಿಗೂ ಇರಲಿ. ಮದ್ದು ಮಾತ್ರ ಒಂದೇ ಆಗಬಾರದು.